ಸವೆಯುವುದು ಚಿಕ್ಕ ಭಾಗ, ಮೂಲೆ ಸೇರುವುದು ಇಡೀ ಯಂತ್ರ

ಮಾನ್ಯ ಸಂಪಾದಕರೇ,

ದಿನಬಳಕೆಯ ವಸ್ತುಗಳ ಸವೆತದ ಬಗ್ಗೆ ತಮ್ಮ ಪತ್ರಿಕೆಯ ಓದುಗರಿಗೆ ಕೆಲವು ಮಾತು ತಿಳಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇವೆ. ನಾವು ವಾಹನ, ಮೋಟಾರು, ನಲ್ಲಿ, ವೈರಿಂಗ್ ರಿಪೇರಿ ಕೆಲಸದವರು. ರಿಪೇರಿಗೆ ಬರುವ ವಸ್ತುಗಳಲ್ಲಿ ಕೆಳಗೆ ಬಿದ್ದು ಒಡೆದವು ಕಡಿಮೆ. ಹೆಚ್ಚಿನವು ದಿನವೂ ಒಂದಿಷ್ಟು ಸವೆಯುತ್ತಾ ಬಂದು ಕೊನೆಗೆ ನಿಂತುಹೋದವು. ತಂದವರು ‘ನಿನ್ನೆವರೆಗೂ ಸರಿಯಾಗೇ ಇತ್ತು’ ಎನ್ನುತ್ತಾರೆ. ಬಿಚ್ಚಿ ನೋಡಿದರೆ ತಿಂಗಳುಗಟ್ಟಲೆ ಸವೆದ ಗುರುತು ಕಣ್ಣಿಗೆ ಹೊಡೆಯುವಂತಿರುತ್ತದೆ.

ಅವರು ಸುಳ್ಳು ಹೇಳುತ್ತಿರುವುದಿಲ್ಲ. ಸವೆತ ಎಷ್ಟು ನಿಧಾನವೆಂದರೆ ಕೈಕಾಲು ಅದಕ್ಕೆ ಹೊಂದಿಕೊಂಡುಬಿಡುತ್ತದೆ. ಸೀಲಿಂಗ್ ಫ್ಯಾನಿನ ಕೆಪಾಸಿಟರ್ ಬಲ ಕಳೆದುಕೊಂಡಂತೆ ರೆಕ್ಕೆ ನಿಧಾನವಾಗುತ್ತದೆ. ಮೂರರಲ್ಲಿ ಇಡುತ್ತಿದ್ದ ರೆಗ್ಯುಲೇಟರನ್ನು ನಾಲ್ಕಕ್ಕೆ, ಆಮೇಲೆ ಐದಕ್ಕೆ ತಿರುಗಿಸುತ್ತೇವೆ, ‘ಈ ಸಲ ಸೆಕೆ ಜಾಸ್ತಿ’ ಎಂದುಕೊಳ್ಳುತ್ತೇವೆ. ಬ್ರೇಕ್ ಪೆಡಲ್ ಸ್ವಲ್ಪ ಸ್ವಲ್ಪವೇ ಕೆಳಗಿಳಿಯುತ್ತದೆ, ಕಾಲೂ ಅದರ ಜೊತೆಗೇ ಇಳಿಯುತ್ತದೆ. ಹಾಗಾಗಿ ಸವೆತವನ್ನು ಅಂದಾಜಿನಲ್ಲಿ ಹಿಡಿಯಲು ಆಗುವುದಿಲ್ಲ, ಅಳೆದೇ ಹಿಡಿಯಬೇಕು. ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಬಹುತೇಕ ಯಂತ್ರಗಳಲ್ಲಿ ‘ಇದು ಸವೆಯಲಿ’ ಎಂದೇ ಇಟ್ಟ ಅಗ್ಗದ ಭಾಗವೊಂದು ಇರುತ್ತದೆ: ವಾಷರ್, ಬ್ರೇಕ್ ಪ್ಯಾಡ್, ಕಾರ್ಬನ್ ಬ್ರಷ್, ಜಿಪ್ಪಿನ ರನ್ನರ್. ಅದನ್ನು ಹೊತ್ತಿಗೆ ಸರಿಯಾಗಿ ಬದಲಿಸದಿದ್ದರೆ ಅದು ಪಕ್ಕದ ದುಬಾರಿ ಭಾಗವನ್ನು ತಿನ್ನತೊಡಗುತ್ತದೆ. ಗ್ರಾಹಕರ ದುಡ್ಡು ನೀರಿನಂತೆ ಹೋಗುವುದು ಇಲ್ಲೇ, ಈ ಎರಡನೇ ಹಂತದಲ್ಲಿ.

ಸವೆತಕ್ಕೆ ಲೆಕ್ಕವಿದೆ. 1953ರಲ್ಲಿ ಆರ್ಚರ್ಡ್ ಎಂಬ ವಿಜ್ಞಾನಿ ಕೊಟ್ಟ ಸೂತ್ರದ ಪ್ರಕಾರ, ಸವೆದುಹೋಗುವ ಪ್ರಮಾಣ ಮೇಲಿನ ಒತ್ತಡ ಮತ್ತು ಉಜ್ಜಿದ ದೂರ ಹೆಚ್ಚಿದಷ್ಟೂ ಹೆಚ್ಚುತ್ತದೆ, ಸವೆಯುವ ವಸ್ತು ಗಡಸಾದಷ್ಟೂ ಕಡಿಮೆಯಾಗುತ್ತದೆ. ಎರಡು ಮೇಲ್ಮೈಗಳ ನಡುವೆ ಎಣ್ಣೆ ಇದೆಯೇ, ಮರಳಿದೆಯೇ ಎಂಬುದರ ಮೇಲೆ ಇದೇ ಲೆಕ್ಕ ನೂರಾರು ಪಟ್ಟು ಬದಲಾಗುತ್ತದೆ. ರಸ್ತೆಯ ಧೂಳಿನಲ್ಲಿ ಸ್ಫಟಿಕದ (ಕ್ವಾರ್ಟ್ಜ್) ಕಣಗಳಿರುತ್ತವೆ. ಮೋಹ್ಸ್ ಗಡಸುತನದ ಅಳತೆಯಲ್ಲಿ ಸ್ಫಟಿಕ 7, ಸಾಮಾನ್ಯ ಗಾಜು ಸುಮಾರು 5.5. ಕನ್ನಡಕವನ್ನು ಅಂಗಿಯ ತುದಿಯಲ್ಲಿ ಒಣಗಿರುವಾಗಲೇ ಒರೆಸುವವರು ತಮ್ಮ ಲೆನ್ಸಿಗಿಂತ ಗಡಸಾದ ಕಣಗಳಿಂದ ಅದನ್ನು ಉಜ್ಜುತ್ತಿರುತ್ತಾರೆ. ಪ್ಲಾಸ್ಟಿಕ್ ಲೆನ್ಸ್ ಗಾಜಿಗಿಂತಲೂ ಮೆದು. ಮೊದಲು ನಲ್ಲಿ ನೀರಲ್ಲಿ ತೊಳೆದು ಧೂಳು ಹೋಗಿಸಿ, ಆಮೇಲೆ ಮೆತ್ತನೆ ಬಟ್ಟೆಯಲ್ಲಿ ಹಗುರವಾಗಿ ಒರೆಸಿದರೆ ಅದೇ ಲೆನ್ಸ್ ಬಹಳ ದಿನ ತಿಳಿಯಾಗಿರುತ್ತದೆ.

ಹೊಸ ಯಂತ್ರದಲ್ಲಿ ಸವೆತ ಮೊದಲು ಸ್ವಲ್ಪ ಜೋರಾಗಿರುತ್ತದೆ, ಏರುತಗ್ಗುಗಳು ಉಜ್ಜಿ ಸಮವಾಗುವವರೆಗೆ. ನಂತರ ಬಹುಕಾಲ ನಿಧಾನ. ಕೊನೆಯಲ್ಲಿ ಮತ್ತೆ ಜೋರು. ಸಡಿಲ ಹೆಚ್ಚಿದಂತೆ ಭಾಗಗಳು ಒಂದಕ್ಕೊಂದು ಬಡಿಯತೊಡಗುತ್ತವೆ, ಎಣ್ಣೆಯ ಪದರ ನಿಲ್ಲುವುದಿಲ್ಲ, ಒಂದು ಸವೆತ ಇನ್ನೊಂದನ್ನು ಕರೆಯುತ್ತದೆ. ವರ್ಷಾನುಗಟ್ಟಲೆ ಬಾಳಿದ್ದು ಕೊನೆಯ ಕೆಲವೇ ವಾರಗಳಲ್ಲಿ ಹೋಗುವುದು ಇದರಿಂದಲೇ.

ಚೈನನ್ನು ನೋಡಿ. ಸೈಕಲ್ಲಿನದಾಗಲಿ, ಬೈಕಿನದಾಗಲಿ, ‘ಚೈನ್ ಎಳೆದುಕೊಂಡಿದೆ’ ಎನ್ನುತ್ತಾರೆ. ಅಸಲಿಗೆ ಉಕ್ಕಿನ ಪಟ್ಟಿ ಹಿಗ್ಗುವುದಿಲ್ಲ. ಪ್ರತಿ ಕೊಂಡಿಯ ಪಿನ್ನು ಮತ್ತು ಅದರ ಬುಷ್ ಉಜ್ಜಿ ಸವೆದು, ಪ್ರತಿ ಕೀಲಿನಲ್ಲೂ ಕೂದಲೆಳೆಯಷ್ಟು ಸಡಿಲ ಬರುತ್ತದೆ. ನೂರು ಕೀಲುಗಳ ಸಡಿಲ ಕೂಡಿದಾಗ ಚೈನ್ ಉದ್ದವಾಗುತ್ತದೆ. ಸೈಕಲ್ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ 12.7 ಮಿ.ಮೀ., ಅಂದರೆ ಅರ್ಧ ಇಂಚು. ಹೊಸ ಚೈನಿನಲ್ಲಿ 24 ಅಂತರಗಳನ್ನು ಉಕ್ಕಿನ ಸ್ಕೇಲಿನಲ್ಲಿ ಅಳೆದರೆ 304.8 ಮಿ.ಮೀ., ಸರಿಯಾಗಿ ಒಂದು ಅಡಿ ಬರಬೇಕು. ಚೈನನ್ನು ಬಿಗಿಯಾಗಿ ಹಿಡಿದು, ಒಂದು ಪಿನ್ನಿನ ಮಧ್ಯಕ್ಕೆ ಸ್ಕೇಲಿನ ಸೊನ್ನೆ ಇಟ್ಟು ಅಳೆಯಿರಿ. ಒಂದೂವರೆ ಮಿ.ಮೀ. ಹೆಚ್ಚು ಬಂದರೆ ಶೇ 0.5 ಸವೆದಿದೆ, ಹಿಂದೆ 11 ಅಥವಾ ಹೆಚ್ಚು ಹಲ್ಲುಚಕ್ರಗಳಿರುವ ಗೇರ್ ಸೈಕಲ್ಲಿಗೆ ಅಲ್ಲೇ ಚೈನ್ ಬದಲಿಸಬೇಕು. ಗೇರ್ ಕಡಿಮೆಯಿದ್ದರೆ ಶೇ 0.75ರವರೆಗೆ, ಅಂದರೆ 2.3 ಮಿ.ಮೀ.ವರೆಗೆ ತಡೆಯಬಹುದು. ಮೂರು ಮಿ.ಮೀ. ದಾಟಿತೆಂದರೆ ಹಲ್ಲುಗಳೂ ಆ ಉದ್ದಕ್ಕೆ ತಕ್ಕಂತೆ ಸವೆದಿವೆ ಎಂದೇ ತಿಳಿಯಿರಿ. ಆಗ ಹೊಸ ಚೈನ್ ಹಾಕಿದರೆ ಅದು ಹಳೇ ಹಲ್ಲಿನ ಮೇಲೆ ಕೂರುವುದಿಲ್ಲ. ತುಳಿದಾಗ ಜಾರುತ್ತದೆ, ಬೇಗನೆ ತಾನೂ ಸವೆಯುತ್ತದೆ.

ಬೈಕಿನಲ್ಲಿ ಸುಲಭ ಪರೀಕ್ಷೆ ಇದೆ. ಹಿಂದಿನ ಸ್ಪ್ರಾಕೆಟ್ಟಿನ (ಚೈನ್ ಓಡುವ ಹಲ್ಲುಚಕ್ರ) ತೀರಾ ಹಿಂಭಾಗದಲ್ಲಿ ಚೈನನ್ನು ಬೆರಳಲ್ಲಿ ಹಿಂದಕ್ಕೆ ಎಳೆಯಿರಿ. ಅರ್ಧ ಹಲ್ಲಿಗಿಂತ ಹೆಚ್ಚು ಕಾಣುವಷ್ಟು ಎದ್ದು ಬಂದರೆ ಅದರ ಆಯಸ್ಸು ಮುಗಿದಿದೆ. ಹಲ್ಲುಗಳು ಒಂದು ಕಡೆಗೆ ಬಾಗಿದ ಕೊಕ್ಕೆಯಂತಾಗಿದ್ದರೂ ಅಷ್ಟೇ. ಮುಂದಿನ ಸ್ಪ್ರಾಕೆಟ್ ಮೊದಲು ಸವೆಯುವುದಕ್ಕೂ ಕಾರಣವಿದೆ: ಮುಂದೆ 14 ಹಲ್ಲು, ಹಿಂದೆ 42 ಹಲ್ಲು ಇದ್ದರೆ ಮುಂದಿನ ಪ್ರತಿ ಹಲ್ಲಿಗೂ ಚೈನ್ ಮೂರು ಪಟ್ಟು ಸಲ ಬಡಿಯುತ್ತದೆ. ಆದ್ದರಿಂದ ಚೈನ್ ಮತ್ತು ಎರಡೂ ಸ್ಪ್ರಾಕೆಟ್ಟನ್ನು ಒಟ್ಟಿಗೇ ಬದಲಿಸಿ. ಒಂದನ್ನು ಉಳಿಸಿ ಇನ್ನೊಂದನ್ನು ಹಾಕುವುದು ಉಳಿತಾಯದಂತೆ ಕಂಡರೂ ಹೊಸದನ್ನು ಬಲಿಕೊಟ್ಟಂತೆಯೇ.

ಚೈನಿಗೆ ಎಣ್ಣೆ ಹಾಕುವ ವಿಧಾನದಲ್ಲೇ ಹೆಚ್ಚಿನವರು ತಪ್ಪುತ್ತಾರೆ. ಕೆಸರು, ಮರಳಿನ ಮೇಲೆಯೇ ಎಣ್ಣೆ ಸುರಿದರೆ ಅದು ಉಜ್ಜುವ ಪೇಸ್ಟಾಗಿ ಕೀಲಿನೊಳಗೆ ಇಳಿಯುತ್ತದೆ. ಚೈನ್ ಬೇಗ ಸವೆಯುತ್ತದೆ. ಮೊದಲು ಮೆದು ಬ್ರಷ್ಷಿನಲ್ಲಿ ಸೀಮೆಎಣ್ಣೆ ಹಚ್ಚಿ ತೊಳೆಯಿರಿ, ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಡಿ. ಕೊಂಡಿಗಳ ನಡುವೆ ರಬ್ಬರ್ ಉಂಗುರಗಳಿರುವ ಚೈನಿಗೆ ಪೆಟ್ರೋಲ್ ತಗುಲಿಸಬಾರದು, ತಂತಿ ಬ್ರಷ್ ಬೇಡ. ಆ ಉಂಗುರಗಳೇ ಒಳಗಿನ ಗ್ರೀಸನ್ನು ಹಿಡಿದಿಟ್ಟಿರುವುದು. ಎಣ್ಣೆಯನ್ನು ಕೆಳಗಿನ ಸಾಲಿನ ಒಳಮುಖಕ್ಕೆ ಬಿಡಿ, ತಿರುಗುವಾಗ ಅದು ತಾನಾಗೇ ಹೊರಗೆ ಹರಡುತ್ತದೆ. ಹತ್ತು ನಿಮಿಷ ಬಿಟ್ಟು ಹೊರಗಿನ ಎಣ್ಣೆಯನ್ನು ಒರೆಸಿಬಿಡಿ, ಹೊರಗೆ ಉಳಿದದ್ದು ಧೂಳು ಹಿಡಿಯುವುದಕ್ಕಷ್ಟೇ. ಚಕ್ರವನ್ನು ಕೈಯಿಂದಲೇ ತಿರುಗಿಸಿ. ಎಂಜಿನ್ ಚಾಲೂ ಮಾಡಿ ಗೇರಿಗೆ ಹಾಕಿ ಬಟ್ಟೆ ಹಿಡಿಯುವವರಿದ್ದಾರೆ. ಬಟ್ಟೆಯ ಜೊತೆ ಬೆರಳು ಹಲ್ಲಿನ ನಡುವೆ ಹೋದರೆ ಮರಳಿ ಬರುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ.

ಬ್ರೇಕ್ ಮತ್ತು ಟೈರಿನಲ್ಲಿ ಮಿತಿಯನ್ನು ವಸ್ತುವಿನ ಮೇಲೆಯೇ ಬರೆದಿರುತ್ತಾರೆ, ನೋಡುವವರು ಕಡಿಮೆ ಅಷ್ಟೇ. ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಎಷ್ಟು ಮಿ.ಮೀ. ಎಂದು ಕೆತ್ತಿರುತ್ತದೆ. ಪ್ಯಾಡಿನಲ್ಲಿ ಒಂದು ಗೆರೆಯಂಥ ಕೊರಕಲು ಇರುತ್ತದೆ, ಅದು ಮಾಯವಾದರೆ ಪ್ಯಾಡ್ ಮುಗಿದಂತೆ. ಅಲ್ಲಿಂದಾಚೆಗೂ ಓಡಿಸಿದರೆ ಪ್ಯಾಡಿನ ಹಿಂದಿನ ಕಬ್ಬಿಣದ ತಗಡು ಡಿಸ್ಕನ್ನು ಕೆರೆಯುತ್ತದೆ. ಡ್ರಮ್ ಬ್ರೇಕಿನ ಬಹಳಷ್ಟು ವಾಹನಗಳಲ್ಲಿ ಹೊರಗಿನ ತೋಳಿನ ಬಳಿ ಬಾಣದ ಗುರುತಿದೆ. ಬ್ರೇಕ್ ಪೂರ್ತಿ ಒತ್ತಿದಾಗ ಬಾಣ ಎದುರಿನ ಗುರುತಿಗೆ ತಲುಪಿದರೆ ಲೈನರ್ ಬದಲಿಸಬೇಕು. ಕಾರಿನ ಟೈರಿನ ಕಾಲುವೆಗಳ ತಳದಲ್ಲಿ 1.6 ಮಿ.ಮೀ. ಎತ್ತರದ ಸಣ್ಣ ದಿಬ್ಬಗಳಿವೆ. ಮೇಲ್ಮೈ ಆ ದಿಬ್ಬದ ಮಟ್ಟಕ್ಕೆ ಇಳಿದರೆ ಟೈರ್ ಮುಗಿಯಿತು. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆಯಿತ್ತು, ನಡು ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು, ಒಂದೇ ಅಂಚಾದರೆ ಅಲೈನ್‌ಮೆಂಟ್ ತಪ್ಪಿದೆ. ಅಲ್ಲಲ್ಲಿ ಗುಳಿ ಬಿದ್ದಿದ್ದರೆ ಮೊದಲು ಶಾಕ್ ಅಬ್ಸಾರ್ಬರ್ ನೋಡಿಸಿ, ಟೈರ್ ಆಮೇಲೆ.

ಇನ್ನು ಮೋಟಾರು. ಮಿಕ್ಸಿ, ಡ್ರಿಲ್ಲಿಂಗ್ ಮಿಷನ್, ವ್ಯಾಕ್ಯೂಮ್ ಕ್ಲೀನರ್ ಇವುಗಳಲ್ಲಿ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವುದು ಎರಡು ಕಾರ್ಬನ್ ತುಂಡುಗಳು, ಅಂದರೆ ಬ್ರಷ್ಷುಗಳು. ಸ್ಪ್ರಿಂಗ್ ಅವನ್ನು ತಿರುಗುವ ಭಾಗದ ಮೇಲಿನ ತಾಮ್ರದ ಪಟ್ಟಿಗಳ ಉರುಳೆಗೆ, ಅಂದರೆ ಕಮ್ಯುಟೇಟರಿಗೆ, ಒತ್ತಿ ಹಿಡಿದಿರುತ್ತದೆ. ಕಾರ್ಬನ್ ತಾಮ್ರಕ್ಕಿಂತ ಮೆದು, ಬೇಕೆಂದೇ ಹಾಗೆ ಮಾಡಿದ್ದು. ಅದು ಸವೆದು ಗಿಡ್ಡವಾದಂತೆ ಸ್ಪ್ರಿಂಗಿನ ಒತ್ತಡ ಇಳಿಯುತ್ತದೆ, ಬ್ರಷ್ ಕುಣಿಯುತ್ತದೆ, ಪ್ರತಿ ಕುಣಿತಕ್ಕೂ ಕಿಡಿ ಹಾರುತ್ತದೆ. ಆ ಕಿಡಿ ಕಮ್ಯುಟೇಟರನ್ನು ಸುಟ್ಟು ಗುಳಿ ಮಾಡುತ್ತದೆ. ಗುಳಿ ಬಿದ್ದ ತಾಮ್ರ ಹೊಸ ಬ್ರಷ್ಷನ್ನೂ ಅರದಂತೆ ತಿನ್ನುತ್ತದೆ. ಎರಡು ಚೂರು ಕಾರ್ಬನ್ನಿನಲ್ಲಿ ಮುಗಿಯಬೇಕಾದ ಕೆಲಸ ಮೋಟಾರಿನ ತಿರುಗುವ ಭಾಗವಾದ ಆರ್ಮೇಚರ್‌ವರೆಗೆ ಹೋಗುವ ದಾರಿ ಇದು. ಅಷ್ಟಾದ ಮೇಲೆ ‘ಹೊಸದೇ ತಗೊಳ್ಳಿ’ ಎನ್ನದೆ ನಮಗೂ ಬೇರೆ ದಾರಿ ಇರುವುದಿಲ್ಲ.

ಪ್ಲಗ್ ತೆಗೆದು, ಪಕ್ಕದ ಬ್ರಷ್ ಕ್ಯಾಪ್ ಬಿಚ್ಚಿ ನೋಡಿ. ಹೊಸದರ ಮೂರನೇ ಒಂದು ಭಾಗ ಉಳಿದಿದ್ದರೆ, ಅಥವಾ 5–6 ಮಿ.ಮೀ.ಗೆ ಇಳಿದಿದ್ದರೆ ಬದಲಿಸಿ; ಕೆಲವು ಬ್ರಷ್‌ಗಳ ಮೈಮೇಲೆ ಮಿತಿಯ ಗೆರೆಯೇ ಇರುತ್ತದೆ. ಒಂದು ಮಾತ್ರ ಸವೆದಿದ್ದರೂ ಜೋಡಿಯಾಗಿಯೇ ಹಾಕಬೇಕು. ಅಗಲ, ದಪ್ಪ ಹೋಲ್ಡರಿಗೆ ಸರಿಹೊಂದಬೇಕು: ಬಿಗಿಯಾದರೆ ಸಿಕ್ಕಿಕೊಂಡು ತಾಮ್ರಕ್ಕೆ ತಲುಪುವುದಿಲ್ಲ, ಸಡಿಲವಾದರೆ ಅಲ್ಲಾಡುತ್ತದೆ. ಹಳೇ ಬ್ರಷ್ಷನ್ನೇ ಮತ್ತೆ ಹಾಕುವುದಾದರೆ ತೆಗೆದ ಕಡೆಗೇ, ತೆಗೆದ ದಿಕ್ಕಿನಲ್ಲೇ ಹಾಕಿ, ಅದರ ಮುಖ ಕಮ್ಯುಟೇಟರಿನ ದುಂಡಿಗೆ ಸರಿಯಾಗಿ ಸವೆದಿರುತ್ತದೆ. ಹೊಸದು ಹಾಕಿದ ಮೇಲೆ ಐದು ನಿಮಿಷ ಯಾವ ಲೋಡೂ ಇಲ್ಲದೆ ಓಡಿಸಿ, ಬ್ರಷ್ ಕೂರಲಿ. ಬ್ರಷ್ಷಿನ ಬುಡದಲ್ಲಿ ಸಣ್ಣ ನೀಲಿ ಕಿಡಿ ಸಹಜ. ಕಮ್ಯುಟೇಟರ್ ಸುತ್ತ ಬೆಂಕಿಯ ಬಳೆ ಕಂಡರೆ ತಕ್ಷಣ ನಿಲ್ಲಿಸಿ, ಅದು ಬರೀ ಬ್ರಷ್ಷಿನ ರೋಗವಾಗಿರಲಿಕ್ಕಿಲ್ಲ. ಮೋಟಾರಿನ ತಳದ ಪಟ್ಟಿಯಲ್ಲಿ ಒಮ್ಮೆಗೆ ಎಷ್ಟು ನಿಮಿಷ ಓಡಿಸಬಹುದು ಎಂದು ಬರೆದಿದ್ದರೆ ಅದನ್ನು ಪಾಲಿಸುವುದೂ ಮುಖ್ಯ.

ನಲ್ಲಿಯದು ಇದೇ ಕಥೆ, ನೀರಿನಲ್ಲಿ. ಹಳೇ ಮಾದರಿಯ ತಿರುಪು ನಲ್ಲಿಯಲ್ಲಿ ರಬ್ಬರ್ ವಾಷರ್ ಹಿತ್ತಾಳೆಯ ಸೀಟಿನ ಮೇಲೆ ಒತ್ತಿ ಕೂತು ನೀರು ನಿಲ್ಲಿಸುತ್ತದೆ. ರಬ್ಬರ್ ಗಟ್ಟಿಯಾಗಿ ಬಿರಿದಾಗ ತೊಟ್ಟಿಕ್ಕತೊಡಗುತ್ತದೆ, ಜನ ಇನ್ನಷ್ಟು ಬಿಗಿ ಮಾಡುತ್ತಾರೆ. ಬಿಗಿ ಮಾಡಿದಷ್ಟೂ ವಾಷರ್ ಬೇಗ ಕೆಡುತ್ತದೆ, ತಿರುಪಿನ ಸುರುಳಿಯೂ ಸವೆಯುತ್ತದೆ. ಆ ಸಣ್ಣ ಸಂದಿನಲ್ಲಿ ಒತ್ತಡದಿಂದ ನುಗ್ಗುವ ನೀರು ಹಿತ್ತಾಳೆಯ ಸೀಟನ್ನೇ ಕೊರೆದು ಗೀರು ಮಾಡುತ್ತದೆ. ಅಲ್ಲಿಗೆ ಹೊಸ ವಾಷರ್ ಹಾಕಿದರೂ ಸೋರುವುದು ನಿಲ್ಲುವುದಿಲ್ಲ. ಸುಮಾರು 20 ಹನಿಗೆ ಒಂದು ಮಿಲಿಲೀಟರ್ ಎಂದಿಟ್ಟುಕೊಂಡರೆ, ಸೆಕೆಂಡಿಗೆ ಒಂದು ಹನಿಯಂತೆ ದಿನಕ್ಕೆ 86,400 ಹನಿ, 4 ಲೀಟರಿಗಿಂತ ಹೆಚ್ಚು. ವರ್ಷಕ್ಕೆ 1,500 ಲೀಟರ್ ದಾಟುತ್ತದೆ. ಮೊದಲ ಹನಿ ಕಂಡಾಗಲೇ ಹಿಂದಿನ ವಾಲ್ವ್ ಮುಚ್ಚಿ, ನಲ್ಲಿ ತೆರೆದು ಉಳಿದ ನೀರು ಬಿಟ್ಟು, ಒಳಗಿನ ತಿರುಪಿನ ದಂಡ (ಸ್ಪಿಂಡಲ್) ಬಿಚ್ಚಿ ಹಳೇ ವಾಷರ್ ಅಳತೆಯದೇ ಹೊಸದು ಹಾಕಿ. ಬೆರಳಾಡಿಸಿ ಸೀಟು ನೋಡಿ. ಗೀರು ತಗುಲಿದರೆ ಸೀಟ್ ಕಟರಿನಲ್ಲಿ ಎರಡು ಮೂರು ಸುತ್ತು ಹಗುರವಾಗಿ ಕೆರೆಸಿ ಸಮ ಮಾಡಿಸಬೇಕು. ಕಾಲು ಸುತ್ತಿಗೇ ನಿಲ್ಲುವ ಸೆರಾಮಿಕ್ ನಲ್ಲಿಗೆ ಬಿಗಿ ಮಾಡುವ ಅಗತ್ಯವೇ ಇಲ್ಲ, ಅದರ ಶತ್ರು ಮರಳು. ಹೊಸ ಪೈಪ್ ಹಾಕಿಸಿದಾಗ ನಲ್ಲಿ ಕೂರಿಸುವ ಮೊದಲು ಲೈನಿನ ನೀರನ್ನು ಹೊರಗೆ ಹರಿಸಿಬಿಡಿ.

ಈ ಎಲ್ಲದಕ್ಕಿಂತ ಹೆಚ್ಚು ಕಳವಳ ಆಗುವುದು ಪ್ಲಗ್ಗು, ಸಾಕೆಟ್ಟಿನ ಸವೆತದ್ದು. ಇಲ್ಲಿ ಹೋಗುವುದು ಬರೀ ವಸ್ತುವಲ್ಲ, ಮನೆಗೇ ಬೆಂಕಿ ಹತ್ತಬಹುದು. ಸಾಕೆಟ್ಟಿನೊಳಗಿನ ಲೋಹದ ತುಟಿಗಳು ಪಿನ್ನನ್ನು ಸ್ಪ್ರಿಂಗಿನಂತೆ ಹಿಡಿದಿರಬೇಕು. ವರ್ಷಗಟ್ಟಲೆ ಹಾಕಿ ತೆಗೆದು, ಅದರಲ್ಲೂ ಓರೆಯಾಗಿ ಎಳೆದು, ಅವು ಅಗಲವಾಗುತ್ತವೆ. ಹಿಡಿತ ಸಡಿಲಾದ ಜಾಗದಲ್ಲಿ ರೋಧ, ಅಂದರೆ ಕರೆಂಟಿನ ಹರಿವಿಗೆ ತಡೆ, ಹುಟ್ಟುತ್ತದೆ. ಗೀಸರ್, ಹೀಟರ್ ಎಳೆಯುವ 15 ಆಂಪಿಯರ್ ಕರೆಂಟ್ ಬರೀ 0.1 ಓಮ್ ರೋಧದ ಮೂಲಕ ಹರಿದರೂ ಅಲ್ಲಿ 22.5 ವಾಟ್ ಶಾಖ ಹುಟ್ಟುತ್ತದೆ, ಬೆಸುಗೆ ಹಾಕುವ ಐರನ್ನಿನ ಮೊನೆಯನ್ನು ಗೋಡೆಯೊಳಗೆ ಸಿಕ್ಕಿಸಿಟ್ಟಂತೆ. ಶಾಖಕ್ಕೆ ತುಟಿಗಳ ಬಿಗಿ ಇನ್ನೂ ಇಳಿಯುತ್ತದೆ, ಮೇಲ್ಮೈ ಕಪ್ಪಾಗುತ್ತದೆ, ರೋಧ ಇನ್ನೂ ಏರುತ್ತದೆ. ‘ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನಾಗೇ ಆರುವ ಸ್ವಿಚ್) ಇದೆಯಲ್ಲ, ಬೀಳುತ್ತದೆ’ ಎಂಬ ನಂಬಿಕೆ ಇಲ್ಲಿ ಕೆಲಸಕ್ಕೆ ಬಾರದು. ಕರೆಂಟ್ ಮಿತಿ ದಾಟಿಲ್ಲ, ಹಾಗಾಗಿ ಎಂಸಿಬಿ ಬೀಳುವುದಿಲ್ಲ. ಕರೆಂಟ್ ಭೂಮಿಗೆ ಸೋರಿಲ್ಲ, ಹಾಗಾಗಿ ಸೋರಿಕೆ ಕಂಡರೆ ಬೀಳುವ ಆರ್‌ಸಿಸಿಬಿಯೂ ಬೀಳುವುದಿಲ್ಲ.

ಇದನ್ನು ಕಂಡುಹಿಡಿಯಬೇಕಾದ್ದು ಮನೆಯವರೇ. ಹೆಚ್ಚು ಕರೆಂಟ್ ಎಳೆಯುವ ಉಪಕರಣ ಅರ್ಧ ಗಂಟೆ ಓಡಿದ ಮೇಲೆ ಸ್ವಿಚ್ ಆರಿಸಿ ಪ್ಲಗ್ಗಿನ ಮೈ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಚಿಂತೆಯಿಲ್ಲ, ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಅಂದೇ ಬಳಕೆ ನಿಲ್ಲಿಸಿ. ಸಾಕೆಟ್ಟಿನ ಒಂದು ತೂತಿನ ಸುತ್ತ ಕಂದು ಕಲೆ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಒಂದು ಪಿನ್ನು ಮಾತ್ರ ಕಪ್ಪಾಗಿರುವುದು, ಪ್ಲಗ್ಗು ತಾನಾಗೇ ಜೋಲುವುದು ಇವೆಲ್ಲ ಗುರುತುಗಳು. ಬದಲಿಸುವಾಗ ಸಾಕೆಟ್ ಮತ್ತು ಪ್ಲಗ್ ಎರಡನ್ನೂ ಬದಲಿಸಿ. ಸುಟ್ಟ ಪಿನ್ನು ಹೊಸ ಸಾಕೆಟ್ಟನ್ನೂ ಸುಡುತ್ತದೆ. ಮೇನ್ ಆರಿಸಿ, ಟೆಸ್ಟರ್ ಹಿಡಿದು ಖಚಿತಪಡಿಸಿಕೊಂಡ ಮೇಲೆಯೇ ಕೈ ಹಾಕಬೇಕು, ಗೊತ್ತಿಲ್ಲದವರು ಎಲೆಕ್ಟ್ರಿಷಿಯನ್ನರನ್ನೇ ಕರೆಯಬೇಕು. ಕಪ್ಪಾದ ತಂತಿಯ ತುದಿಯನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ ತೆಗೆಯಿರಿ. ಎಳೆಗಳ ತುದಿಗೆ ಸೀಸದ ಬೆಸುಗೆ ಹಾಕಿ ಸ್ಕ್ರೂ ಬಿಗಿಯುವ ರೂಢಿ ಕೆಲವರಲ್ಲಿದೆ, ಅದು ತಪ್ಪು: ಒತ್ತಡಕ್ಕೆ ಬೆಸುಗೆ ನಿಧಾನವಾಗಿ ಹರಿದು ಸ್ಕ್ರೂ ಮತ್ತೆ ಸಡಿಲಾಗುತ್ತದೆ. ಎಳೆಗಳನ್ನು ಹೊಸೆದು ಲಗ್ ಅಥವಾ ಫೆರೂಲ್ (ತಂತಿಯ ತುದಿಗೆ ತೊಡಿಸುವ ಲೋಹದ ಟೊಪ್ಪಿ) ಒತ್ತಿಸಿ ಬಿಗಿಯುವುದೇ ಸರಿ. ವೈರು ಹಿಡಿದು ಪ್ಲಗ್ ಎಳೆಯಬಾರದು. ಇಸ್ತ್ರಿಪೆಟ್ಟಿಗೆಯ ವೈರು ಪೆಟ್ಟಿಗೆಗೆ ಸೇರುವ ಬಾಯಲ್ಲಿ ಬಾಗಿ ಬಾಗಿ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಉಳಿದ ಎಳೆಗಳ ಮೇಲೆ ಪೂರ್ತಿ ಭಾರ ಬೀಳುತ್ತದೆ. ‘ಹೀಗೆ ಓರೆ ಹಿಡಿದರೆ ಕಾಯುತ್ತದೆ’ ಎನ್ನುವ ಹಂತ ಬಂದರೆ ಅದು ಅಪಾಯದ ಹಂತ.

ಚಿಕ್ಕವು ಒಂದೆರಡು. ಬ್ಯಾಗಿನ ಜಿಪ್ ಎಳೆದರೂ ಹಲ್ಲು ಕೂಡದಿದ್ದರೆ ಜಿಪ್ ಕೆಟ್ಟಿದೆ ಎಂದು ಬ್ಯಾಗನ್ನೇ ಬಿಸಾಡುತ್ತಾರೆ. ಸವೆದಿರುವುದು ಬಹುಮಟ್ಟಿಗೆ ರನ್ನರ್ ಮಾತ್ರ, ಅದರ ಎರಡು ತುಟಿ ಅಗಲವಾಗಿರುತ್ತವೆ. ಇಕ್ಕಳದಲ್ಲಿ ಎರಡೂ ಬದಿಯನ್ನು ಸಮನಾಗಿ ಹಗುರಕ್ಕೆ ಒತ್ತಿದರೆ ಕೆಲ ಕಾಲ ನಡೆಯುತ್ತದೆ. ರನ್ನರಿನ ಹಿಂಬದಿಯ ಸಂಖ್ಯೆ, 5 ಅಥವಾ 8 ಅಥವಾ 10, ನೋಡಿ ಅದೇ ಅಳತೆಯ ಹೊಸದು ಹಾಕಿಸಿದರೆ ಬ್ಯಾಗ್ ಹೊಸದರಂತೆಯೇ. ಮೊಬೈಲಿಗೆ ಚಾರ್ಜರ್ ಸರಿಯಾಗಿ ಕೂರದಿದ್ದರೆ ಪೋರ್ಟ್ ಸವೆದಿದೆ ಎಂದು ತೀರ್ಮಾನಿಸುವ ಮೊದಲು ಒಳಗೆ ಟಾರ್ಚ್ ಬಿಟ್ಟು ನೋಡಿ. ಜೇಬಿನ ನೂಲು, ಧೂಳು ಒತ್ತಿ ಒತ್ತಿ ತಳದಲ್ಲಿ ಪದರವಾಗಿರುತ್ತದೆ. ಫೋನ್ ಆರಿಸಿ, ಮರದ ಕಡ್ಡಿಯಿಂದ ಮೆಲ್ಲಗೆ ಕೆದಕಿ ತೆಗೆಯಿರಿ, ಪಿನ್ನು ಸೂಜಿ ಬೇಡ. ಬ್ಯಾಟರಿಯನ್ನು ಬೇಗ ಮುದಿಯಾಗಿಸುವುದು ಪೂರ್ತಿ ಚಾರ್ಜ್ ಮತ್ತು ಬಿಸಿ, ಎರಡೂ ಕೂಡಿದಾಗ. ದಿಂಬಿನಡಿ, ಬಿಸಿಲಿಗೆ ನಿಂತ ಕಾರಿನೊಳಗೆ ಚಾರ್ಜಿಗೆ ಹಾಕಬೇಡಿ. ಬ್ಯಾಟರಿ ಉಬ್ಬಿದ್ದರೆ ಒತ್ತಬೇಡಿ, ಚುಚ್ಚಬೇಡಿ, ಆ ಫೋನನ್ನು ಮತ್ತೆ ಚಾರ್ಜಿಗೆ ಹಾಕಲೇಬೇಡಿ.

ಇಷ್ಟೆಲ್ಲ ಓದುಗರು ಮಾಡಿದರೂ ಅರ್ಧ ಕೆಲಸ ತಯಾರಕರ ಕೈಯಲ್ಲೇ ಇದೆ. ಇವತ್ತಿನ ಬಳಕೆದಾರರ ಕೈಪಿಡಿಗಳಲ್ಲಿ ಎಚ್ಚರಿಕೆಗಳು ಪುಟಗಟ್ಟಲೆ ಇರುತ್ತವೆ, ಸವೆತದ ಮಿತಿ ಹುಡುಕಿದರೂ ಸಿಗುವುದಿಲ್ಲ. ಸಣ್ಣ ಭಾಗವೊಂದೇ ಬೇಕೆಂದರೆ ‘ಸೆಟ್ ಪೂರ್ತಿ ತಗೊಳ್ಳಬೇಕು’ ಎಂಬ ಉತ್ತರ. ಬ್ಯಾಟರಿಗಳನ್ನು ಅಂಟು ಹಾಕಿ ಕೂರಿಸಿರುತ್ತಾರೆ, ಕವಚಗಳನ್ನು ಬಿಚ್ಚಿದರೆ ಮುರಿಯುವ ಕೊಂಡಿಗಳಿಂದ ಮುಚ್ಚಿರುತ್ತಾರೆ. ಸವೆಯುವುದು ಖಂಡಿತ ಎಂದು ಗೊತ್ತಿರುವ ಭಾಗವನ್ನು ಬದಲಿಸಲಾಗದಂತೆ ಕೂರಿಸುವುದು ಅನ್ಯಾಯ. ಇದು ಬದಲಾಗಲು ಸಾಧ್ಯ. ಫ್ರಾನ್ಸಿನಲ್ಲಿ 2021ರ ಜನವರಿಯಿಂದ ಮೊಬೈಲ್, ಲ್ಯಾಪ್‌ಟಾಪ್, ವಾಷಿಂಗ್ ಮಿಷನ್ ಮುಂತಾದವುಗಳನ್ನು ಮಾರುವಾಗ ರಿಪೇರಿಗೆ ಎಷ್ಟು ಅನುಕೂಲ ಎಂದು ಹತ್ತಕ್ಕೆ ಅಂಕ ತೋರಿಸುವುದು ಕಡ್ಡಾಯವಾಯಿತು. ಬಿಚ್ಚುವುದು ಎಷ್ಟು ಸುಲಭ, ಬಿಡಿಭಾಗ ಸಿಗುತ್ತದೆಯೇ, ಅದರ ಬೆಲೆ ಎಷ್ಟು ಎಂಬುದೂ ಆ ಅಂಕದಲ್ಲಿ ಸೇರಿತ್ತು.

ನಾವು ಕೇಳುವುದು ಅಷ್ಟೂ ಅಲ್ಲ. ಕೈಪಿಡಿಯ ಮೊದಲ ಪುಟದಲ್ಲಿ, ಓದುಗರ ಭಾಷೆಯಲ್ಲಿ ನಾಲ್ಕು ಸಾಲು: ಈ ಯಂತ್ರದಲ್ಲಿ ಮೊದಲು ಸವೆಯುವ ಭಾಗ ಯಾವುದು, ಎಷ್ಟು ಮಿ.ಮೀ.ಗೆ ಇಳಿದಾಗ ಬದಲಿಸಬೇಕು, ಅದನ್ನು ಅಳೆಯುವುದು ಹೇಗೆ, ಆ ಭಾಗದ ಸಂಖ್ಯೆ ಏನು. ಆ ಭಾಗ ಬಿಡಿಯಾಗಿ ಸಿಗಬೇಕು, ಮಾದರಿ ಮಾರಾಟ ನಿಂತ ಮೇಲೂ ಹಲವು ವರ್ಷ ಸಿಗಬೇಕು. ಕೊಳ್ಳುವ ಮೊದಲೇ ‘ಇದರ ಬ್ರಷ್ ಬಿಡಿಯಾಗಿ ಸಿಗುತ್ತದಾ, ಇದರ ಬ್ಯಾಟರಿ ಬಿಚ್ಚಬಹುದಾ’ ಎಂದು ಓದುಗರೂ ಅಂಗಡಿಯಲ್ಲಿ ಕೇಳತೊಡಗಲಿ. ಹೊಸ ವಸ್ತುಗಳನ್ನು ಪರಿಚಯಿಸುವ ತಮ್ಮ ಅಂಕಣದಲ್ಲಿ ಬಣ್ಣ, ವೇಗ, ವಾಟ್‌ಗಳ ಜೊತೆಗೆ ಇದೊಂದು ಮಾಹಿತಿಯನ್ನೂ ಕೊಡಬೇಕೆಂದು ವಿನಂತಿಸುತ್ತೇವೆ.

ಇಂತಿ,
ರಿಪೇರಿ ಕೆಲಸಗಾರರು